ಹೂಂ ಅನ್ನುವವರಿಲ್ಲದ ಹೇಳಿಕೆ

ಮಾಪಣ್ಣನ ಬಾಯಿಂದ ಒಂದು ಮಾತು ಹೊರಗೆ ಬರಬೇಕಾದರೆ ಎದುರಿಗೊಂದು ‘ಹೂಂ’ ಬೇಕು. ಕಲಬುರ್ಗಿ ಕಡೆಯ ಮಂದಿಗೆಲ್ಲ ಇದು ಇದ್ದದ್ದೇ. ಒಬ್ಬ ಹೇಳಬೇಕು, ಇನ್ನೊಬ್ಬ ಹೂಂಗುಟ್ಟಬೇಕು. ಹೂಂ ನಿಂತಿತೆಂದರೆ ಕೇಳುವವ ಮಲಗಿದ ಎಂದೇ ಅರ್ಥ. ಆದರೆ ಮಾಪಣ್ಣನದು ಎಲ್ಲರಿಗಿಂತ ಒಂದು ಕೈ ಮೇಲೆ. ಕಲ್ಯಾಣದಲ್ಲಿ ಊರಿನ ಗಾಡಿ ಹತ್ತಿ ಕಥೆ ಶುರು ಮಾಡಿದನೆಂದರೆ ಸೊಲ್ಲಾಪುರ ಬಂದರೂ ಕಥೆಯೊಳಗಿನ ರಾಜನಿಗೆ ಇನ್ನೂ ಹೆಣ್ಣು ಸಿಕ್ಕಿರುತ್ತಿರಲಿಲ್ಲ. ಹೂಂಗುಟ್ಟುವವರು ಮಾತ್ರ ಪಾಳಿಯ ಮೇಲೆ ಬದಲಾಗುತ್ತಿದ್ದರು, ಒಬ್ಬನ ದವಡೆ ಸೋತರೆ ಇನ್ನೊಬ್ಬ. ಒಮ್ಮೆ ಟಿಕೆಟ್ ನೋಡಲು ಬಂದ ಟಿ.ಸಿ. ಟಿಕೆಟ್ ಕೇಳುವುದನ್ನೇ ಮರೆತು ದೌಂಡಿನ ತನಕ ಹೂಂ ಹೂಂ ಅನ್ನುತ್ತ ಕೂತುಬಿಟ್ಟಿದ್ದನಂತೆ. ಆ ಟಿ.ಸಿ.ಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ.

ಮನೆಯಲ್ಲಿ ಈ ಕೆಲಸ ಹೆಂಡತಿ ಮರೆಮ್ಮನದು. ಮೂವತ್ತೆರಡು ವರ್ಷದ ಸಂಸಾರದಲ್ಲಿ ಅವಳು ಅಂದ ಹೂಂಗಳನ್ನು ಒಂದರ ಮೇಲೊಂದು ಪೇರಿಸಿದರೆ ಡೊಂಬಿವಲಿಯ ಯಾವ ಟವರೂ ಅದರ ಮೊಣಕಾಲಿಗೆ ಬರಲಿಕ್ಕಿಲ್ಲ.

ಇಂಥ ಮಾಪಣ್ಣ ಈಗ ಡೊಂಬಿವಲಿಯ ತಗಡಿನ ಕೋಣೆಯಲ್ಲಿ ಎರಡು ದಿಂಬಿಗೆ ಒರಗಿ, ಉಸಿರಿಗಾಗಿ ಬಾಯಿ ತೆರೆದುಕೊಂಡು ಕೂತಿದ್ದ. ಎರಡೂವರೆ ತಿಂಗಳ ಹಿಂದೆ ಬಣ್ಣದ ಕಂಪನಿಯ ಟಾಕಿಯೆಂಬ ದೊಡ್ಡ ತೊಟ್ಟಿಯೊಳಗೆ ಇಳಿದ ಕೂಲಿ ಹುಡುಗ ದಿಲೀಪ ಹೊರಗೆ ಬರಲಿಲ್ಲ. ಕೂಲಿಗಳ ಮೇಸ್ತ್ರಿ, ಮುಕಾದಮ ಮಾಪಣ್ಣ ಹಿಂದೆ ಮುಂದೆ ನೋಡದೆ ಹಾರಿ ಅವನನ್ನು ಎತ್ತಿ ತಂದ. ತಂದದ್ದು ಹೆಣ. ಒಳಗಿನ ಗಾಳಿ ಮಾಪಣ್ಣನ ಪುಪ್ಪುಸವನ್ನೂ ಸುಟ್ಟಿತು. ಗಲ್ಲಿಯ ಮಕ್ಕಳಿಗೆ ಈಗ ಅವನೇ ರಾಜ, ಅವನೇ ಕಥೆ.

ದಿಲೀಪನ ಅಕ್ಕ ಅನಸೂಯಾ. ಠಾಣೆ ಪಟ್ಟಣದ ಪೂರ್ವಕ್ಕಿರುವ ಕೋಪರಿಯಲ್ಲಿ ಉಡುಪಿಯ ಶಂಭು ಅಣ್ಣನ ಹೋಟೆಲ್ಲಿನ ಒಳಗೆ ಚಪಾತಿ ಲಟ್ಟಿಸುತ್ತಿದ್ದಳು. ತಮ್ಮ ಸತ್ತದ್ದಕ್ಕೆ ಅವಳು ಅತ್ತಾಗಿತ್ತು. ಆಮೇಲೆ ಕಂಪನಿಯವರು ಬರೆದುಕೊಟ್ಟ ಕಾಗದವನ್ನು ಯಾರೋ ಓದಿ ಹೇಳಿದರು: ‘ಸದರಿ ಮಜೂರ ಊಟದ ವೇಳೆಯಲ್ಲಿ, ಹಿತ್ತಾಳೆಯ ವಾಲ್ವು ಕಳುವು ಮಾಡುವ ಸಲುವಾಗಿ, ಯಾರ ಅಪ್ಪಣೆಯೂ ಇಲ್ಲದೆ ಟಾಕಿಗೆ ಇಳಿದು ಮೃತಪಟ್ಟಿದ್ದಾನೆ.’ ಅವತ್ತಿನಿಂದ ಅವಳ ಅಳು ನಿಂತಿತು. ಊರಲ್ಲಿ ಅವ್ವನಿಗೆ ಈ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ಕಳ್ಳನ ತಾಯಿ ಅನ್ನಿಸಿಕೊಂಡ ಅವ್ವ ಹೊಸ್ತಿಲು ದಾಟುವುದನ್ನು ಬಿಟ್ಟಳು.

ಜೊತೆಗಿದ್ದ ಆರು ಜನರೂ ‘ನಾವು ಊಟಕ್ಕ ಹೋಗಿದ್ವಿ’ ಎಂದು ಕೈ ತೊಳೆದುಕೊಂಡರು. ಕಂಡವನು, ಕೇಳಿದವನು ಮಾಪಣ್ಣ ಒಬ್ಬನೇ.

ಅನಸೂಯಾ ತನ್ನ ಮೊಬೈಲಿನಲ್ಲಿ ಅವನ ಮಾತು ಹಿಡಿದುಕೊಂಡು ಠಾಣೆ ಪಟ್ಟಣದ ಕಾರ್ಖಾನೆ ತಪಾಸಣೆ ಸಾಹೇಬರ ಕಚೇರಿಗೆ ಹೋದಳು. ಸಾಹೇಬರು ಕಿವಿಗೆ ಇಟ್ಟುಕೊಂಡು ಕೇಳಿದರು. ಫ್ಯಾನು ಕಟಕಟ ಅನ್ನುತ್ತಿತ್ತು. ಪಕ್ಕದ ಮನೆಯ ಟೀವಿಯಲ್ಲಿ ಯಾರದೋ ಮದುವೆ ನಡೆದಿತ್ತು. ಸರಿಯಾಗಿ ‘ವಿಕಾಸ ಬಂದು ಇಳಿ ಅಂದ’ ಅನ್ನುವಲ್ಲಿ ಮರೆಮ್ಮನ ಕುಕ್ಕರು ಸೀಟಿ ಹೊಡೆದಿತ್ತು. ವಿಕಾಸ್ ಅಂದರೆ ಕಂಪನಿಯ ಸೂಪರ್‌ವೈಸರ್. ಎಲ್ಲಕ್ಕಿಂತ ಮೇಲೆ, ಪ್ರತಿ ಮಾತಿನ ಬಾಲಕ್ಕೂ ಒಂದು ‘ಹೂಂ’.

“ಈ ಹೆಂಗಸು ಯಾರು?” ಸಾಹೇಬರು ಮರಾಠಿಯಲ್ಲಿ ಕೇಳಿದರು. “ಅವನು ಒಂದು ಹೇಳಿದರೆ ಇವಳು ಹೌದು ಹೌದು ಅನ್ನುತ್ತಾಳೆ. ಹೇಳಿಕೊಟ್ಟು ಹೇಳಿಸಿದ ಹಾಗಿದೆ.”

“ಅದು ಹೌದು ಅಲ್ಲ ಸಾಹೇಬ್, ಹೂಂ. ನಮ್ಮ ಕಡೆ ಹಂಗೇ.”

“ಕಂಪನಿಯ ವಕೀಲರು ನಿಮ್ಮ ಕಡೆಯವರಲ್ಲವಲ್ಲ. ಮುಂದಿನ ವಾರ ಬಿಟ್ಟು ಆಚೆ ಸೋಮವಾರ ಸುನಾವಣಿ ಇದೆ, ಎರಡೂ ಕಡೆಯವರನ್ನು ಕೇಳುತ್ತೇವೆ. ಮನುಷ್ಯನನ್ನೇ ಕರೆತನ್ನಿ. ಆಗದಿದ್ದರೆ ಸಾಫ್ ಆವಾಜಿನ ವಿಡಿಯೋ ತನ್ನಿ. ಬೇರೆಯವರ ದನಿ ಇರಬಾರದು, ನಡುವೆ ಎಲ್ಲೂ ಕತ್ತರಿ ಆಡಿರಬಾರದು.”

ಮಾಪಣ್ಣನನ್ನು ಕರೆತರುವುದೆಂದರೆ ಮೂರು ಗಲ್ಲಿ, ಒಂದು ರಿಕ್ಷಾ, ರೈಲ್ವೆ ಸೇತುವೆಯ ಐವತ್ತು ಮೆಟ್ಟಿಲು. ಅವನಿಗೆ ಬಾಗಿಲ ತನಕ ಬರುವುದೇ ಕಾಶಿ ಯಾತ್ರೆ.

ಶಂಭು ಅಣ್ಣನ ಮಗಳು ಮಾನಸಿ ನೆರೂಳಿನ ಕಾಲೇಜಿನಲ್ಲಿ ಕಲಿಯುತ್ತಿದ್ದಳು. ಮೊಬೈಲಿನಲ್ಲೇ ಜನರನ್ನು ಮಾತಾಡಿಸಿ ವಿಡಿಯೋ ಮಾಡುವುದು ಅವಳ ಹುಚ್ಚು. ಸಾನಪಾಡಾದ ಒಬ್ಬ ಕೋಳಿ ಅಂಗಡಿಯವನ ಮಾತು ಎಷ್ಟು ಸಾಫಾಗಿ ಹಿಡಿದಿದ್ದಳೆಂದರೆ, ಅದನ್ನು ನೋಡಿದ ಅರ್ಧ ಹೋಟೆಲು ಕೋಳಿ ತಿನ್ನುವುದನ್ನೇ ಬಿಟ್ಟಿತ್ತು. ಅವಳು ಅನಸೂಯಾಳನ್ನು ಹೋಟೆಲಿನ ಅಕ್ಕಿ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

“ಇಲ್ಲಿ ಕೇಳಿ ಅಕ್ಕ. ಆವಾಜ್ ಎಷ್ಟು ಚಂದ ಉಂಟಲ್ವಾ? ಸುತ್ತ ಚೀಲ ಉಂಟು, ಹಾಗೆ. ನಿಮ್ಮ ತಗಡಿನ ಮನೆಯಲ್ಲಿ ಮಾತು ಗೋಡೆಗೆ ಹೊಡೆದು ವಾಪಸ್ ಬರ್ತದೆ. ಕಂಬಳಿ ಎಲ್ಲ ಕಟ್ಟಬೇಕು.”

“ಕೌದಿ ಅದಾವ.”

“ಫ್ಯಾನ್ ಬಂದ್. ಫೋನ್ ಏರೋಪ್ಲೇನ್ ಮೋಡಿಗೆ, ಇಲ್ಲಾಂದ್ರೆ ನಡುವೆ ಯಾರಾದ್ರೂ ಕಾಲ್ ಮಾಡಿ ಕೆಲಸ ಹಾಳು ಮಾಡ್ತಾರೆ. ಚಿತ್ರಕ್ಕೆ ಒಂದು ಫೋನ್, ಅಡ್ಡ ಇಡಿ, ಕಿಟಕಿ ಅವರ ಬದಿಗೆ ಇರ್ಲಿ, ಬೆನ್ನ ಹಿಂದೆ ಬೇಡ. ಆವಾಜಿಗೆ ಇನ್ನೊಂದು ಫೋನ್ ಅವರ ಅಂಗಿಯ ಜೇಬಿನಲ್ಲಿ, ತಲೆಕೆಳಗೆ. ಮೈಕ್ ಕೆಳಗಿನ ತುದಿಯಲ್ಲಿ ಇರ್ತದೆ, ಅದು ಬಾಯಿಯ ಹತ್ತಿರ ಬರಬೇಕು. ಮತ್ತೆ ಮುಖ್ಯದ್ದು, ಅಕ್ಕ. ನೀವು ಹೂಂ ಅನ್ಲಿಕ್ಕಿಲ್ಲ.”

“ನಾ ಎಲ್ಲಿ ಅಂತೀನಿ?”

“ಹೌದಾ? ನಾನು ಬೆಳಿಗ್ಗೆ ಎದ್ದೆ.”

“ಹೂಂ.”

“ದೋಸೆ ತಿಂದೆ.”

“ಹೂಂ.”

“ಚಟ್ನಿ ಹಳಸಿತ್ತು.”

“ಹೂಂ… ಹಾಳಾಗ್ಲಿ!” ಅನಸೂಯಾ ಬಾಯಿ ಮುಚ್ಚಿಕೊಂಡಳು. ಅವಳು ಹೂಂ ಅನ್ನುತ್ತಾಳೆಂದು ಅವಳಿಗೇ ಗೊತ್ತಿರಲಿಲ್ಲ. ಉಸಿರಾಡುತ್ತೇವೆಂದು ಯಾರಿಗೆ ಗೊತ್ತಿರುತ್ತದೆ?

“ಮತ್ತ ನಾ ಕೇಳ್ಲಕತ್ತೀನಂತ ಕಾಕಾಗ ಹೆಂಗ ಗೊತ್ತಾಗ್ಬೇಕ ಮಾನಸಿ?”

“ಕಣ್ಣಲ್ಲಿ ಹೇಳಿ. ತಲೆ ಆಡಿಸಿ. ಅವರು ನಿಂತ್ರೆ ನೀವು ಗಡಿಬಿಡಿ ಮಾಡ್ಬೇಡಿ, ಸುಮ್ಮನೆ ಕೂತುಕೊಳ್ಳಿ. ಮತ್ತೆ ಆಮೇಲೆ ಒಂದು ಸೆಕೆಂಡೂ ಕಟ್ ಮಾಡ್ಬೇಡಿ. ಕಟ್ ಮಾಡಿದ್ದು ಗೊತ್ತಾಗ್ತದೆ, ಆಮೇಲೆ ಇಡೀ ವಿಡಿಯೋ ಕಸ.”

ಒಂದು ವಾರ ಅನಸೂಯಾ ಚಪಾತಿ ಲಟ್ಟಿಸುತ್ತ ಹೂಂ ನುಂಗುವುದನ್ನು ಕಲಿತಳು. ಪಾತ್ರೆ ಭಾಂಡೆ ತಿಕ್ಕುವ ಜಯಲತಾ ತನ್ನ ಅತ್ತೆಯ ಮೇಲೆ ದಿನಕ್ಕೊಂದು ಪುರಾಣ ಹೇಳುತ್ತಿದ್ದವಳು, ಎರಡನೇ ದಿನಕ್ಕೆ “ಏನವ್ವಾ, ನಮ್ ಮಾತು ನಿಂಗ ರುಚಿ ಹತ್ತವಲ್ದು?” ಎಂದು ಸಿಟ್ಟಾಗಿ ಮಾತು ಬಿಟ್ಟಳು.

ಶುಕ್ರವಾರ ಕಂಪನಿಗಳಿಗೆ ರಜೆ, ಮಧ್ಯಾಹ್ನ ಕರೆಂಟೂ ಇರುವುದಿಲ್ಲ. ಟೀವಿ ಸತ್ತಿರುತ್ತದೆ, ಗಿರಣಿ ಮಲಗಿರುತ್ತದೆ. ಅನಸೂಯಾ ಆ ಹೊತ್ತನ್ನೇ ಹಿಡಿದಳು. ತಗಡಿಗೆ ನಾಲ್ಕು ಕೌದಿ, ಬಾಗಿಲಿಗೆ ಎರಡು. ಒಳಗೆ ಎಂಥ ಸೆಕೆಯೆಂದರೆ ಗೋಡೆಯ ಮೇಲಿನ ಹಲ್ಲಿ ಕೈ ಬಿಟ್ಟು ಕೆಳಗೆ ಬಿತ್ತು. ಹಿಟ್ಟಿನ ಡಬ್ಬಿಯ ಮೇಲೆ ಅವಳ ಫೋನು. ಮಾಪಣ್ಣನ ಜೇಬಿನಲ್ಲಿ ಮಾನಸಿಯ ಫೋನು, ತಲೆಕೆಳಗಾಗಿ.

“ಕಾಕು, ನೀ ಹೊರಗ ಕುಂಡ್ರು,” ಎಂದಳು ಮರೆಮ್ಮನಿಗೆ. “ಯಾರರೆ ಬಂದ್ರ ನಿಂದ್ರಸು.”

“ನಾ ಇಲ್ಲದ ಅವಾ ಮಾತಾಡ್ತಾನೇನ? ನಾ ಮೂಲ್ಯಾಗ ಸುಮ್ಮಕ ಕೂಡ್ತೀನಿ.”

“ನಿಂಗ ಸುಮ್ಮಕ ಕೂಡ್ಲಿಕ್ಕ ಬರಂಗಿಲ್ಲ ಕಾಕು.”

“ಇದ್ದದ್ದ ಹೇಳ್ದಿ ನೋಡು,” ಎಂದು ಮಾಪಣ್ಣ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಒಂದು ಲೋಟ ನೀರು ಬೇಕಾಯಿತು. ಮರೆಮ್ಮ ನೀರು ಕುಡಿಸಿ, ಸೆರಗಿನಿಂದ ಅವನ ಬಾಯೊರೆಸಿ, ಕೌದಿ ಸರಿಸಿ ಹೊರಗೆ ಹೋದಳು. ಅಲ್ಲಿ ಅವಳು ಪಕ್ಕದ ಮನೆಯ ಬಾಗಿ ಅನ್ನುವವಳಿಗೆ, “ಒಳಗ ಕೋರ್ಟ ನಡದದ, ಚಪ್ಲಿ ಕೈಯಾಗ ಹಿಡ್ಕೊಂಡ ಹೋಗು,” ಎನ್ನುವುದು ಕೇಳಿತು.

ಅನಸೂಯಾ ಎರಡೂ ಫೋನು ಶುರು ಮಾಡಿ, ಎರಡರ ದನಿ ಕೂಡಿಸಲು ಗುರುತಾಗಲೆಂದು ಒಂದು ಚಪ್ಪಾಳೆ ಹೊಡೆದು, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂತಳು. ಹೂಂ ಬಂದರೂ ಬಟ್ಟೆಯೊಳಗೆ ಸಾಯಲಿ ಎಂದು.

ಮಾಪಣ್ಣ ಗಂಟಲು ಸರಿಮಾಡಿಕೊಂಡ.

“ಅವತ್ತ ಮಂಗಳಾರ. ಊಟದ ಭೋಂಗಾ ಊದಿತ್ತು.”

ನಿಂತ. ಅವಳ ಬಾಯಿ ನೋಡಿದ. ಅವಳು ತಲೆಯಾಡಿಸಿದಳು.

“ಊಟದ ಭೋಂಗಾ ಊದಿತ್ತು… ಕೇಳ್ಲಕತ್ತೀಯಿಲ್ಲೋ?”

ಅವಳು ಜೋರಾಗಿ ತಲೆಯಾಡಿಸಿದಳು.

“ಡಬ್ಬಿ ಬಿಚ್ಚಿದ್ವಿ. ವಿಕಾಸ ಬಂದಾ. ದಿಲೀಪ ಟಾಕ್ಯಾಗ ಇಳದಾ. ಇಳದು ಚೀರ್ಯಾನ. ನಾ ಹಿಂದ ಮುಂದ ನೋಡದ ಹಾರಿಬಿಟ್ಟೆ.”

ಇಲ್ಲಿ ಮರೆಮ್ಮ ಯಾವಾಗಲೂ ಒಂದು ಉದ್ದನೆಯ ‘ಹೂಂ’ ಎಳೆಯುತ್ತಿದ್ದಳು, ಪಕ್ಕದ ಮನೆಯ ಬಾಗಿ ‘ಅಯ್ಯಯ್ಯ’ ಅನ್ನುತ್ತಿದ್ದಳು, ಮಕ್ಕಳು ಬಾಯಿ ತೆರೆಯುತ್ತಿದ್ದರು, ಮಾಪಣ್ಣ ಆ ಹೂಂನ ಮೇಲೆ ಕಾಲಿಟ್ಟು ಮುಂದಿನ ಮಾತಿಗೆ ದಾಟುತ್ತಿದ್ದ. ಈಗ ಅಲ್ಲಿ ಏನೂ ಇರಲಿಲ್ಲ. ಮಾಪಣ್ಣನ ಮಾತು ಹಾಗೇ ಗಾಳಿಯಲ್ಲಿ ನಿಂತುಬಿಟ್ಟಿತು.

“ಹಾರಿಬಿಟ್ಟೆ,” ಎಂದ ಮತ್ತೆ. “ಹೂಂ ಅನ್ನು ಯವ್ವಾ.”

ಅವಳು ಇಲ್ಲವೆಂದು ತಲೆ ಅಲ್ಲಾಡಿಸಿ, ಹಿಟ್ಟಿನ ಡಬ್ಬಿಯ ಮೇಲಿನ ಫೋನು ತೋರಿಸಿದಳು. ಅವಳಿಗೆ ಆಗ ತಿಳಿದದ್ದು ಇಷ್ಟೇ: ತಾನು ಮರೆಮ್ಮನನ್ನು ಹೊರಗೆ ಹಾಕಿ ತಪ್ಪು ಮಾಡಿದೆ. ಕಾಕಾನ ಬಾಯಿಯ ಕೀಲಿಯನ್ನೇ ಹೊರಗಿಟ್ಟೆ. ಇವತ್ತು ಕೆಲಸ ಕೆಟ್ಟಿತು. ಎದ್ದು ಫೋನು ಬಂದ್ ಮಾಡಬೇಕು ಎಂದುಕೊಂಡಳು. ಮಾನಸಿಯ ಮಾತು ನೆನಪಾಗಿ ಕೂತಳು.

ಮಾಪಣ್ಣ ಫೋನಿನ ಕಪ್ಪು ಕಣ್ಣನ್ನು ನೋಡುತ್ತಿದ್ದ. ಅದು ಹೂಂ ಅನ್ನುವುದಿಲ್ಲ, ಅಯ್ಯೋ ಅನ್ನುವುದಿಲ್ಲ, ರೆಪ್ಪೆ ಕೂಡ ಬಡಿಯುವುದಿಲ್ಲ. ಬೆವರು ಅವನ ಕಿವಿಯ ಹಿಂದಿನಿಂದ ಇಳಿದು ಕೊರಳಿಗೆ ಬಂತು. ಅವನ ಉಸಿರು ಮಾತ್ರ ಗರಗಸದ ಹಾಗೆ ಹೋಗಿ ಬರುತ್ತಿತ್ತು.

“ಹಾರಿಲ್ಲ,” ಎಂದ.

ಅನಸೂಯಾ ಅಲುಗಲಿಲ್ಲ.

“ಹಾರೀನಂತ ಎಲ್ಲರಿಗೂ ಹೇಳೀನಿ. ಹೇಳ್ಕೋತ ಹೇಳ್ಕೋತ ನನಗೂ ಹಾರ್‍ಯಾನಿ ಅಂತನೇ ಆಗಿತ್ತು. ಹಾರಿಲ್ಲ ನಾ.” ಉಸಿರು ಎಳೆದುಕೊಂಡ. “ವಿಕಾಸ ಬಂದು ನನಗ ಅಂದ, ‘ಮಾಪಣ್ಣ, ತಳದಾಗ ಗಾಳು, ರಾಡಿ ಕುಂತದ, ಸಾಯಂಕಾಳದೊಳಗ ಸಾಫ್ ಆಗ್ಬೇಕು, ನೀ ಇಳಿ’ ಅಂದ. ನಾ ಬಗ್ಗಿ ನೋಡ್ದೆ. ಕೊಳತ ತತ್ತಿ ವಾಸ್ನಿ ಬಂತು. ಹದಿನೆಂಟ ವರ್ಷ ಈ ಕೆಲಸ ಮಾಡೀನಿ, ಆ ವಾಸ್ನಿ ಅಂದ್ರ ಏನಂತ ನನಗ ಗೊತ್ತದ. ದಿಲೀಪಗ ಗೊತ್ತಿಲ್ಲ. ಅವಾ ರೊಟ್ಟಿ ಮುರಕೋತ ಕುಂತಿದ್ದ.”

ಹೊರಗೆ ದೂರದಲ್ಲಿ ಒಂದು ಲೋಕಲ್ ಹೋಯಿತು. ಅದು ಹೋಗುವ ತನಕ ಅವನು ತಾನಾಗಿಯೇ ನಿಂತ.

“‘ದಿಲೀಪಾ, ನೀ ಸಪೂರ ಅದಿ, ಟಾಕಿ ಬಾಯಿ ಸಣ್ಣದದ, ನೀ ಇಳಿಯಪ್ಪ’ ಅಂದೆ. ‘ಕಾಕಾ, ರೊಟ್ಟಿ ತಿಂದು ಇಳೀಲೇನು?’ ಅಂದ. ‘ಐದ ಮಿನಿಟಿನ ಕೆಲಸ, ಬಂದು ತಿನ್ನು’ ಅಂದೆ. ‘ಮೂಗಿಗಿ ಏನರೆ ಕಟ್ಕೊಳ್ಳಲೇನು?’ ಅಂದ. ನಾ ನನ್ನ ಟಾವೆಲ್ ಕೊಟ್ಟೆ.”

ಅನಸೂಯಾಳ ಹಲ್ಲು ಸೆರಗಿನೊಳಗೆ ಇಳಿದವು. ಎದೆಯಿಂದ ಏನೋ ಮೇಲಕ್ಕೆ ಬರುತ್ತಿತ್ತು. ಅದು ಹೂಂ ಅಲ್ಲ. ಬಂದರೆ ಎರಡು ಫೋನಿನಲ್ಲೂ ಬೀಳುತ್ತದೆ, ಬಿದ್ದರೆ ಸಾಹೇಬರು ‘ಇದು ಯಾರ ದನಿ’ ಅನ್ನುತ್ತಾರೆ. ಅವಳು ಎರಡೂ ಕೈಯಿಂದ ತನ್ನ ಬಾಯಿಯನ್ನು ಒತ್ತಿಹಿಡಿದಳು.

“ಒಳಗಿಂದ ಒಮ್ಮಿ ‘ಕಾಕಾ’ ಅಂದ. ಇನ್ನೊಮ್ಮಿ ‘ಕಾಕಾ’ ಅಂದ. ಮೂರನೇದು ಬರ್ತದಂತ ನಾ ಮ್ಯಾಲ ನಿಂತಿದ್ದೆ. ಬರ್ಲಿಲ್ಲ. ಆಮ್ಯಾಲ ಮಂದಿ ಓಡಿ ಬಂದ್ರು. ಮಂದಿ ನೋಡ್ಲಕತ್ತಿದ್ರಂತ ಇಳದೆ. ಯಾರೂ ಬಂದಿಲ್ಲಂದ್ರ ಇಳೀತಿದ್ನೋ ಇಲ್ಲೋ, ನನಗ ತಿಳೀದು.” ಕಣ್ಣು ಮುಚ್ಚಿದ. “ಕಳವು ಅಂತಾರ. ಆ ಟಾಕ್ಯಾಗ ಹಿತ್ತಾಳಿದು ಒಂದ್ ಮೊಳಿನೂ ಇಲ್ಲ. ಹುಡುಗ ಕಳ್ಳ ಅಲ್ಲ. ಆತು. ಬಂದ್ ಮಾಡು.”

ಅವಳು ಬಂದ್ ಮಾಡಿದಳು. ಜೇಬಿನಿಂದ ಫೋನು ತೆಗೆಯುವಾಗ ಅವಳ ಬೆರಳು ಅವನ ಎದೆಗೆ ತಾಗಿತು. ಅದೇ ಕೈಯಿಂದ ಅವನ ಕೆನ್ನೆಗೆ ಹೊಡೆಯಬೇಕೆನಿಸಿತು. ನೀರು ಕುಡಿಸಬೇಕೆಂದೂ ಅನಿಸಿತು. ಎರಡೂ ಮಾಡದೆ ಕೌದಿ ಸರಿಸಿ ಹೊರಗೆ ಬಂದಳು.

ಮರೆಮ್ಮ ಬಾಗಿಲ ಪಕ್ಕದಲ್ಲೇ ಗೋಡೆಗೆ ಕಿವಿ ಹಚ್ಚಿ ಕೂತಿದ್ದಳು. ಕೌದಿ ಗಲ್ಲಿಯ ಗದ್ದಲವನ್ನು ಒಳಗೆ ಬಿಡಲಿಲ್ಲ ನಿಜ, ಒಳಗಿನದನ್ನು ಹೊರಗೆ ಬಿಟ್ಟಿತ್ತು.

“ಅನಸವ್ವಾ,” ಎಂದಳು, ಮೆಲ್ಲಗೆ. “ಅದರಾಗಿಂದ ಅಷ್ಟ ತಗದ ಬಿಡು.”

“ಯಾವುದು ಕಾಕು?”

“ಯಾವುದಂತ ನಿಂಗ ಗೊತ್ತದ. ವಿಕಾಸ ಬಂದಾ, ಇಳಿ ಅಂದಾ, ಹುಡುಗ ಇಳದಾ. ಅಷ್ಟ ಇರ್ಲಿ. ನಡುವಿಂದು ನಿಂಗ್ಯಾಕ ಬೇಕು?”

“ಕತ್ತರ್ಸಿದ್ರ ನಡಿಯಂಗಿಲ್ಲ. ಸಾಹೇಬ ಎಲ್ಲಾ ಕಸಾ ಅಂತಾನ.”

“ಮನ್ಯಾಗ ಮೂರು ಹೊತ್ತಿನ ಉಸರ ಉಳದಾವ ಅವನವು. ಈ ಹೆಸರ ಹೊತ್ಕೊಂಡ ಹೋಗ್ಬೇಕೇನು? ನಾ ಈ ಗಲ್ಯಾಗ ಇನ್ನಾ ಬಾಳೇ ಮಾಡ್ಬೇಕಲ್ಲೇ.”

“ನಮ್ಮವ್ವ ಊರಾಗ ಬಾಳೇ ಮಾಡ್ಲಕತ್ಯಾಳಲ್ಲ, ಕಳ್ಳನ ಅವ್ವ ಅನಿಸ್ಕೊಂಡು.”

“ನಿಮ್ಮಪ್ಪನಂಗ ಇದ್ದಾನ ಅವಾ ನಿಂಗ.”

“ತಮ್ಮ ಇದ್ದ ಕಾಕು ನಂಗ,” ಎಂದಳು ಅನಸೂಯಾ. “ರೊಟ್ಟಿ ತಿಂತೀನಂದಿದ್ದ.”

ಮರೆಮ್ಮ ಎದ್ದು ಒಳಗೆ ಹೋದಳು. ಒಳಗಿನಿಂದ ಲೋಟದ ಸದ್ದು ಬಂತು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಮಾಪಣ್ಣ ಹೋದ.

ಅವನನ್ನು ಮಣ್ಣು ಮಾಡಲು ಹೋದ ಜನ ಎಷ್ಟಿದ್ದರೆಂದರೆ, ಮುಂದಿನವರು ಮಣ್ಣು ಹಾಕಿ ತಿರುಗಿದರೂ ಹಿಂದಿನವರು ಇನ್ನೂ ಗಲ್ಲಿಯಲ್ಲಿ ಚಪ್ಪಲಿ ಹುಡುಕುತ್ತಿದ್ದರು. ಹಲಗೆಯವರು ಕೇಳಿದ್ದಕ್ಕಿಂತ ಹೆಚ್ಚು ಹೊತ್ತು ಬಾರಿಸಿದರು. ‘ಪರರ ಮಗನ ಸಲುವಾಗಿ ಜೀವಾ ಕೊಟ್ಟ’ ಎಂದು ಪಕ್ಕದ ಮನೆಯ ಬಾಗಿ ಹಾಡಿಕೊಂಡು ಅತ್ತಳು. ಅನಸೂಯಾ ಹೆಂಗಸರ ನಡುವೆ ನಿಂತಿದ್ದಳು, ಕೈಚೀಲದಲ್ಲಿ ಎರಡು ಫೋನು. ದಿಲೀಪನ ಅಕ್ಕ ಎಂದು ಜನ ಅವಳಿಗೆ ದಾರಿ ಬಿಟ್ಟು ಮುಂದಕ್ಕೆ ಕರೆದರು, ಹೂವು ಕೊಟ್ಟರು. ಅವಳು ಹಾಕಿದಳು. ಮರೆಮ್ಮ ಅವಳ ಕೈಯನ್ನು ನೋಡಿದಳು, ಮುಖ ನೋಡಲಿಲ್ಲ.

ಸೋಮವಾರ ಸುನಾವಣಿ.

ಸಾಹೇಬರು ಜೇಬಿನ ಫೋನಿನ ಆವಾಜನ್ನು ಟೇಬಲ್ ಮೇಲಿನ ಡಬ್ಬಿ ಸ್ಪೀಕರಿಗೆ ಹಚ್ಚಿಸಿದರು. ಕನ್ನಡ ಬರುವ ಒಬ್ಬ ಗುಮಾಸ್ತ ಸಾಲು ಸಾಲಾಗಿ ಮರಾಠಿಯಲ್ಲಿ ಹೇಳುತ್ತ ಹೋದ. ಕಚೇರಿಯ ಆ ಗದ್ದಲದಲ್ಲೂ ಮಾಪಣ್ಣ ಪಕ್ಕದ ಕುರ್ಚಿಯಲ್ಲಿ ಕೂತು ಹೇಳಿದಂತಿತ್ತು. ಉಸಿರಿನ ಗರಗಸ, ಎಂಜಲು ನುಂಗಿದ್ದು, ಎಲ್ಲ ಬಿದ್ದಿತ್ತು. ಅವನು ಸತ್ತು ಒಂದು ದಿನವಾಗಿದೆ ಎಂದು ಆ ಡಬ್ಬಿಗೆ ಯಾರೂ ಹೇಳಿರಲಿಲ್ಲ.

“ಬರೋಬರ್,” ಎಂದರು ಸಾಹೇಬರು. “ಇಷ್ಟು ಸಾಫ್ ರೆಕಾರ್ಡಿಂಗ್ ಈ ಕಚೇರಿಗೆ ಬಂದದ್ದೇ ಇಲ್ಲ. ಯಾರು ಮಾಡಿದ್ದು?”

“ನಾನೇ, ಸಾಹೇಬ್.”

ಕಂಪನಿಯ ವಕೀಲರೂ ತಲೆದೂಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನು ನೋಡಿಯೇ ಅನಸೂಯಾ ಕುರ್ಚಿಯ ತುದಿಗೆ ಸರಿದಳು.

“ಕಳವಿನ ಮಾತನ್ನು ನಾವು ಹಿಂದಕ್ಕೆ ತಗೊಳ್ಳುತ್ತೇವೆ ಸಾಹೇಬ್,” ಎಂದರು ವಕೀಲರು. “ತಪ್ಪು ಮಾಹಿತಿ ಬಂದಿತ್ತು. ಈಗ ಸತ್ಯ ಏನೆಂದು ಮುಕಾದಮನೇ ಹೇಳಿದ್ದಾನೆ. ನಮ್ಮ ಸೂಪರ್‌ವೈಸರ್ ಇಳಿಯಲು ಹೇಳಿದ್ದು ಹದಿನೆಂಟು ವರ್ಷ ಅನುಭವ ಇದ್ದ ಮುಕಾದಮನಿಗೆ. ಆತ ಅಪಾಯ ಗೊತ್ತಿದ್ದೂ ಎಳೆ ಹುಡುಗನನ್ನು ಇಳಿಸಿದ. ಇದರಲ್ಲಿ ಕಂಪನಿ ಎಲ್ಲಿ ಬಂತು?”

“ಮಾಸ್ಕ್?” ಅನಸೂಯಾ ಎದ್ದು ನಿಂತಳು. “ಮಾಸ್ಕ್ ಕೊಟ್ಟಿರಲಿಲ್ಲ. ಹಗ್ಗ ಇರಲಿಲ್ಲ. ಟಾವೆಲ್ ಕಟ್ಕೊಂಡು ಇಳಿದ ಅವನು!”

“ಮಾಸ್ಕು ಸ್ಟೋರಿನಲ್ಲಿತ್ತು. ಮುಕಾದಮ ಕೇಳಬೇಕಿತ್ತು.”

ಸಾಹೇಬರು ಗುಮಾಸ್ತನ ಕಡೆ ನೋಡಿದರು. “ಮಾಸ್ಕ್ ಬಗ್ಗೆ ಏನಾದರೂ ಅಂದಿದ್ದಾನಾ? ಕೊಟ್ಟಿರಲಿಲ್ಲ ಅಂತ?”

“ಇಲ್ಲ ಸಾಹೇಬ್. ಟಾವೆಲ್ ಅಂತ ಇದೆ ಅಷ್ಟೇ.”

“ಏನಮ್ಮಾ, ನೀವು ಕೇಳಬೇಕಿತ್ತಲ್ಲ,” ಎಂದರು ಸಾಹೇಬರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ, ಮರುಕವೇ ಇತ್ತು. “ಕಂಪನಿ ಮಾಸ್ಕ್ ಕೊಡುತ್ತಿತ್ತಾ, ಇಳಿಯುವ ಮೊದಲು ಗಾಳಿ ನೋಡುತ್ತಿದ್ದರಾ ಅಂತ ಒಂದು ಮಾತು. ಒಂದೇ ಮಾತು. ಯಾಕೆ ಸುಮ್ಮನೆ ಕೂತಿರಿ?”

ಅವಳಲ್ಲಿ ಉತ್ತರವಿತ್ತು. ಬೇರೆಯವರ ದನಿ ಇರಬಾರದು ಅಂದವರು ನೀವು. ಅದನ್ನು ಹೇಳಲು ಬಾಯಿ ತೆರೆದಳು.  ಒಂದು ವಾರ ನುಂಗಿ ನುಂಗಿ ರೂಢಿಯಾದ ಗಂಟಲು ಅದನ್ನೂ ನುಂಗಿತು. ಕೇಳೋಣವೆಂದರೆ ಉತ್ತರ ಕೊಡಬೇಕಾದವನು ನಿನ್ನೆಯೇ ಮಣ್ಣಿನೊಳಗೆ.

ಹದಿನೈದು ದಿನಕ್ಕೆ ಆದೇಶದ ಕಾಗದ ಬಂತು. ಮಾನಸಿ ಅದನ್ನು ಕನ್ನಡದಲ್ಲಿ ಬರೆದುಕೊಟ್ಟಳು. ಬರೆಯುತ್ತ ಎರಡು ಸಲ ಪೆನ್ನು ಕೆಳಗಿಟ್ಟಳು. “ಹೀಗಾಗ್ತದೆ ಅಂತ ನಂಗೆ ಗೊತ್ತಿರ್ಲಿಲ್ಲ ಅಕ್ಕ,” ಎಂದಳು. ಅನಸೂಯಾ ಆ ಕಾಗದವನ್ನು ಮೊದಲು ಊರಿಗೆ ಫೋನಿನಲ್ಲಿ ಅವ್ವನಿಗೆ ಓದಿದಳು, ತಮ್ಮನ ಸಾಲು ಮಾತ್ರ. ಅವ್ವ ಆ ಕಡೆಯಿಂದ ಬಹಳ ಹೊತ್ತು ಅತ್ತಳು. ಆಮೇಲೆ ಅನಸೂಯಾ ಡೊಂಬಿವಲಿಗೆ ಹೊರಟಳು.

ಮರೆಮ್ಮ ಕೊಡ ಹಿಡಿದುಕೊಂಡು ನಳಕ್ಕೆ ಹೊರಟಿದ್ದಳು.

“ಬಂತೇನು?”

“ಬಂತು ಕಾಕು.”

“ದಿಲೀಪ ಕಳ್ಳ ಅಲ್ಲಂತ ಬರದಾರೋ ಇಲ್ಲೋ?”

“ಬರದಾರ.”

“ಅವಂದು?”

ಅನಸೂಯಾ ಕಾಗದವನ್ನು ಸೆರಗಿನೊಳಗೆ ಸರಿಸಿದಳು. ಮರೆಮ್ಮ ಕೊಡವನ್ನು ಸೊಂಟ ಬದಲಿಸಿ ಹಿಡಿದಳು.

“ವಿಕಾಸಂದು ಹೆಸರ ಅದ ಇಲ್ಲೋ ಅದರಾಗ?”

“ತಪ್ಪಿನಾಗ ಇಲ್ಲ.”

“ಅಂದ್ರ ಎಲ್ಲಾ ನಮ್ಮನಿಯವನ ತಲಿ ಮ್ಯಾಲೇ.” ಮರೆಮ್ಮ ಗಲ್ಲಿಯ ತುದಿಯ ಕಡೆ ನೋಡಿದಳು. “ನಡಿ. ನಳದ ಹಂತ್ಯಾಕ ಎಲ್ಲರೂ ಬಂದಾರ. ಅಲ್ಲೇ ಓದು.”

“ಯಾಕ ಕಾಕು? ಮಂದಿಗಿ ಯಾಕ?”

“ಕಂಪನ್ಯಾಗ ಗೊತ್ತಾತಂದ್ರ ನಾಳಿ ಗಲ್ಲಿಗಿ ಬರ್ತದ. ಅವರು ಉಪ್ಪು ಖಾರ ಹಚ್ಚಿ ಹೇಳೋದ್ಕಿಂತ ನೀನ ಓದು. ನೀ ಇದ್ದದ್ದ ಓದ್ತಿ, ಅಷ್ಟರ ಗೊತ್ತದ ನಂಗ.”

ನಳದ ಬಳಿ ಹದಿನೈದು ಇಪ್ಪತ್ತು ಹೆಂಗಸರಿದ್ದರು, ಕೊಡಗಳು ಸಾಲಾಗಿ ಕೂತಿದ್ದವು. ಅನಸೂಯಾ ಕಾಗದ ಬಿಡಿಸಿ ಓದಿದಳು. ದಿಲೀಪನ ಸಾಲು ಕೇಳಿ ಪಕ್ಕದ ಮನೆಯ ಬಾಗಿ ಎರಡೂ ಕೈ ಮುಗಿದಳು, ‘ದೇವರು ಕಣ್ಣು ಬಿಟ್ಟ’ ಎಂದಳು. ಅನಸೂಯಾ ಅಲ್ಲಿಗೇ ನಿಲ್ಲಿಸಬಹುದಿತ್ತು. ಮರೆಮ್ಮನ ಮುಖ ನೋಡಿದಳು. ಮರೆಮ್ಮ ಗದ್ದದಿಂದ ‘ಮುಂದೆ’ ಎಂದಳು. ಅವಳು ಮುಂದಿನದನ್ನೂ ಓದಿದಳು. ಅಪಾಯ ಗೊತ್ತಿದ್ದೂ, ತಾನು ಇಳಿಯಬೇಕಾದಲ್ಲಿ ಹುಡುಗನನ್ನು ಇಳಿಸಿದ ಮುಕಾದಮ. ಹೆಚ್ಚಿಗೆ ಏನೂ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ.

ನಳದ ನೀರು ಪ್ಲಾಸ್ಟಿಕ್ ಕೊಡಕ್ಕೆ ಬೀಳುತ್ತಿತ್ತು.

ಆ ಕೊಡ ತುಂಬಿತು. ಮುಂದಿನ ಸರದಿ ಮರೆಮ್ಮನದು. ಅವಳು ಬಗ್ಗಿ ಕೊಡ ಎತ್ತುವ ಮೊದಲೇ ಪಕ್ಕದ ಮನೆಯ ಬಾಗಿ ತನ್ನ ಕೊಡವನ್ನು ಕಾಲಿನಿಂದ ಸರಿಸಿ ನಳದ ಕೆಳಗೆ ತಂದಿಟ್ಟಳು. ಇಟ್ಟವಳು ಅನಸೂಯಾಳನ್ನು ನೋಡಿದಳು. ಎಲ್ಲರೂ ಅನಸೂಯಾಳನ್ನೇ ನೋಡಿದರು. ಸತ್ತದ್ದು ಅವಳ ತಮ್ಮ. ಅವಳು ಒಂದು ಕೈ ಚಾಚಿ ಮರೆಮ್ಮನ ಕೊಡವನ್ನು ಮುಂದಕ್ಕೆ ತಳ್ಳಿದ್ದರೆ ಸಾಕಿತ್ತು, ಗಲ್ಲಿಗೆ ಅದೇ ತೀರ್ಪಾಗುತ್ತಿತ್ತು.

ಅನಸೂಯಾಳ ಎರಡೂ ಕೈಯಲ್ಲಿ ಕಾಗದವಿತ್ತು. ಅವಳು ಅದನ್ನು ಮಡಚಿದಳು. ಮಡಚಿದ್ದನ್ನು ಮತ್ತೊಮ್ಮೆ ಮಡಚಿದಳು. ಅಂಚು ಅಂಚಿಗೆ ಕೂಡಿಸಿ, ಉಗುರಿನಿಂದ ತೀಡಿ, ಇನ್ನೊಮ್ಮೆ ಮಡಚಿದಳು. ಅಷ್ಟರಲ್ಲಿ ಬಾಗಿಯ ಕೊಡ ತುಂಬಿತ್ತು. ಅವಳ ಹಿಂದಿನವಳೂ ತನ್ನ ಕೊಡವನ್ನು ಮುಂದಕ್ಕಿಟ್ಟಳು.

ಮರೆಮ್ಮ ತನ್ನ ಖಾಲಿ ಕೊಡವನ್ನು ಎತ್ತಿಕೊಂಡು ಸಾಲಿನ ತುದಿಗೆ ಹೋಗಿ ನಿಂತಳು.